ಹೊಸ್ತಿಲು ದಾಟದ ಸಲಹೆ

ಸಲಹೆ ಎನ್ನುವುದು ನಮ್ಮ ಕಡೆ ಕೇಳದೆಯೇ ಸಿಗುವ ವಸ್ತು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತರೆ ಸಾಕು. ಯಾವ ಬಸ್ಸು ಹತ್ತಬೇಕು, ಯಾವ ಕಡೆಯ ಸೀಟಿಗೆ ಬಿಸಿಲು ಬೀಳುವುದಿಲ್ಲ, ಒಣಕೆಮ್ಮಿಗೆ ಏನು ಕುಡಿಯಬೇಕು ಎಂಬುದರಿಂದ ಹಿಡಿದು, ಇಷ್ಟು ಓದಿಯೂ ನಾನೇಕೆ ಇಷ್ಟು ಸಣ್ಣಗಿದ್ದೇನೆ ಎಂಬುದರವರೆಗೆ ಎಲ್ಲವನ್ನೂ ಜನ ಧಾರಾಳವಾಗಿ ತಿಳಿಸುತ್ತಾರೆ. ಇಂಥ ಊರಿನಲ್ಲಿ ಸಲಹೆ ಕೊಡುವುದನ್ನೇ ಕಸುಬು ಮಾಡಿಕೊಳ್ಳುವವರು ಒಂದೋ ತಲೆ ಕೆಟ್ಟವರಾಗಿರಬೇಕು, ಇಲ್ಲವೇ ಹೆಚ್ಚು ಓದಿದವರಾಗಿರಬೇಕು. ನಾನು ಎರಡನೆಯ ಗುಂಪಿಗೆ ಸೇರಿದವಳೆಂದು ನನ್ನ ನಂಬಿಕೆ. ಎರಡಕ್ಕೂ ಸೇರಿದವಳೆಂದು ನನ್ನ ಸೋದರಮಾವನ ನಂಬಿಕೆ.

ಇದಕ್ಕಿಂತ ದೊಡ್ಡ ಅನರ್ಹತೆ ಇನ್ನೊಂದಿದೆ. ನನಗೆ ಬೇರೆಯವರ ಮನೆಯೊಳಗೆ ಹೋಗಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಅಮ್ಮ ಕೈಗೊಂದು ಬಟ್ಟಲು ಕೊಟ್ಟು ಪಕ್ಕದ ಮನೆಯಿಂದ ಹೆಪ್ಪು ತರಲು ಕಳಿಸಿದರೆ, ನಾನು ಅವರ ಗೇಟಿನ ಬಳಿ ನಿಂತಿರುತ್ತಿದ್ದೆ. ಯಾರಾದರೂ ತಾವಾಗಿಯೇ ನೋಡಿ "ಏನ್ ಕೂಸೇ?" ಎಂದರೆ ಹೆಪ್ಪು ಸಿಗುತ್ತಿತ್ತು. ಇಲ್ಲದಿದ್ದರೆ ಸ್ವಲ್ಪ ಹೊತ್ತು ಕಾದು ಖಾಲಿ ಬಟ್ಟಲಿನೊಂದಿಗೆ ವಾಪಸಾಗುತ್ತಿದ್ದೆ. "ಏನಾಯ್ತೇ?" ಎಂದು ಅಮ್ಮ ಕೇಳಿದರೆ "ಯಾರೂ ನೋಡಲಿಲ್ಲ" ಎನ್ನುತ್ತಿದ್ದೆ. ಮಾರನೆಯ ದಿನ ಎಲ್ಲರೂ ಮೊಸರಿಲ್ಲದೆ ಸಾರನ್ನದ ಮೇಲೆ ಊಟ ಮುಗಿಸುತ್ತಿದ್ದೆವು. ಮೈಸೂರಿನಲ್ಲಿ ರೇಷ್ಮೆ ಕೃಷಿ ವಿಜ್ಞಾನ ಓದುವಾಗಲೂ ಅಷ್ಟೆ. ನನ್ನ ಮಾರ್ಗದರ್ಶಕರ ಕೋಣೆಯ ಹೊರಗಿನ ಗೋಡೆಗೆ ಒರಗಿ ನಿಂತು ಪ್ರಬಂಧದ ಒಂದು ಇಡೀ ಅಧ್ಯಾಯವನ್ನು ತಿದ್ದಿ ಮುಗಿಸಿದ್ದೇನೆ. "ಬಂದು ಎಷ್ಟು ಹೊತ್ತಾಯಿತಮ್ಮ?" ಎಂದು ಅವರು ಕೇಳಿದಾಗ "ಈಗ ತಾನೇ ಸರ್" ಎನ್ನುವ ಒಂದು ಸುಳ್ಳನ್ನು ಮಾತ್ರ ನಾನು ತಡವರಿಸದೆ ಹೇಳಬಲ್ಲೆ.

ಹೀಗಿರುವವಳು ಸಲಹಾ ಕೇಂದ್ರ ತೆರೆದೆ. ಕೊಳ್ಳೇಗಾಲದ ಒಂದು ಬಟ್ಟೆ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು ಹತ್ತಿದರೆ ಸಿಗುವ ಒಂದೇ ಕೋಣೆ. ಒಂದು ಮೇಜು, ನನಗೊಂದು ಕುರ್ಚಿ, ಬರುವವರಿಗೆಂದು ಎರಡು ಕುರ್ಚಿ. ಆ ಎರಡು ಕುರ್ಚಿಗಳ ಪ್ಲಾಸ್ಟಿಕ್ ಕವರನ್ನು ಮೊದಲ ಗಿರಾಕಿ ಬಂದ ದಿನ ತೆಗೆಯೋಣವೆಂದು ಹಾಗೆಯೇ ಬಿಟ್ಟಿದ್ದೆ. ಬೋರ್ಡಿನ ಮೇಲೆ 'ಕೃಷಿ, ತೋಟಗಾರಿಕೆ, ರೇಷ್ಮೆ, ಹೈನುಗಾರಿಕೆ ಹಾಗೂ ಗ್ರಾಮೀಣ ಉದ್ಯಮಗಳ ಸಮಗ್ರ ಸಲಹಾ ಕೇಂದ್ರ' ಎಂದು ಬರೆಸಿದ್ದೆ. ಮೊದಲ ತಿಂಗಳು ಮೂವರು ಬಂದರು. ಒಬ್ಬರು ಬಾಗಿಲಲ್ಲೇ ನಿಂತು ಮಾದಪ್ಪನ ಬೆಟ್ಟಕ್ಕೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆಂದು ಕೇಳಿದರು. ಇನ್ನೊಬ್ಬರು ಮಗಳ ಜಾತಕ ತಂದಿದ್ದರು. ಮೂರನೆಯವರು ಕೆಳಗಿನ ಅಂಗಡಿಯಲ್ಲಿ ಹೆಂಡತಿ ಸೀರೆ ಆರಿಸಿ ಮುಗಿಸುವವರೆಗೆ ನೆರಳಿಗೆಂದು ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಕರೆಯಬೇಕೋ ಬೇಡವೋ ಎಂದು ನಾನು ನಿರ್ಧರಿಸುವಷ್ಟರಲ್ಲಿ ಸೀರೆ ಆರಿಸಿ ಮುಗಿದಿತ್ತು.

ಮಾವ ಸಂತೆಗೆ ಬಂದಾಗಲೆಲ್ಲ ಕೆಳಗಿನಿಂದಲೇ ಕೂಗುತ್ತಿದ್ದರು. "ಏನ್ ಕೂಸೇ, ಸಲಹೆ ಎಲ್ಲ ಕರ್ಚಾಯ್ತಾ, ಇನ್ನೂ ಒಸಿ ಉಳ್ದದಾ?"

ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ಅವಳು ಗೇಲಿ ಮಾಡುವುದಿಲ್ಲ, ಪರೀಕ್ಷೆ ಇಡುತ್ತಾಳೆ. "ಒಂದು ಸಲ ಯಾರು ಬೇಕಾದರೂ ಕರೀತಾರೆ, ಕುತೂಹಲಕ್ಕೆ," ಎಂದಳು. "ನಿನ್ನನ್ನ ಎರಡನೇ ಸಲ ಕರೆದವರು ದೀಪಾವಳಿಯೊಳಗೆ ಒಬ್ಬರಾದರೂ ಇದ್ದರೆ ನಡೆಸು. ಇಲ್ಲದಿದ್ದರೆ ಇದಕ್ಕೆ ಸಹಿ ಹಾಕು." ಇದು ಎಂದರೆ ಮೈಸೂರಿನ ಒಂದು ಖಾಸಗಿ ಕಾಲೇಜಿನ ಉಪನ್ಯಾಸಕಿ ಹುದ್ದೆಯ ಅರ್ಜಿ. ತನ್ನ ದುಂಡು ಅಕ್ಷರದಲ್ಲಿ ಎಲ್ಲವನ್ನೂ ತಾನೇ ತುಂಬಿ, ಸಹಿಯ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದಳು. ದಿನವೂ ಎಪ್ಪತ್ತು ಮಕ್ಕಳ ಮುಂದೆ ನಿಂತು ಮಾತಾಡುವ ಕೆಲಸ. ನನಗೆ ಕೋಣೆ ಉಳಿಸಿಕೊಳ್ಳಬೇಕೆಂಬ ಹಟ ಬಂದದ್ದು ಮಹತ್ವಾಕಾಂಕ್ಷೆಯಿಂದಲ್ಲ, ಆ ಎಪ್ಪತ್ತು ಮಕ್ಕಳ ಭಯದಿಂದ.

ಭಯಗೊಂಡವರು ಈಗಿನ ಕಾಲದಲ್ಲಿ ಮೊಬೈಲಿನಲ್ಲಿ ಪಾಠ ಕೇಳುತ್ತಾರೆ. ನಾನೂ ಕೇಳಿದೆ. ಸಣ್ಣ ಉದ್ಯಮಿಗಳಿಗೆ ಉಚಿತ ಪಾಠ ಹೇಳುವ ಒಬ್ಬ ಉತ್ಸಾಹಿ ಮಹಾಶಯರು ಪ್ರತಿ ಪಾಠದಲ್ಲೂ ಒಂದೇ ಮಾತು ಹೇಳುತ್ತಿದ್ದರು: ಎಲ್ಲರಿಗೂ ಎಲ್ಲವನ್ನೂ ಹೇಳಲು ಹೋಗಬೇಡಿ, ಒಂದು ಸಣ್ಣ ಮೂಲೆ ಹಿಡಿದುಕೊಳ್ಳಿ, ಆ ಮೂಲೆಗೆ ನೀವೇ ರಾಣಿಯಾಗಿ. ರಾಣಿಯ ವಿಷಯ ಗೊತ್ತಿಲ್ಲ, ಮೂಲೆ ಹಿಡಿಯುವುದರಲ್ಲಿ ನನಗೆ ಬಾಲ್ಯದಿಂದ ಅನುಭವವಿತ್ತು. ಬೋರ್ಡು ಅಳಿಸಿ 'ರೇಷ್ಮೆ ಹುಳು ಸಾಕಣೆ ಸಲಹೆ' ಎಂದಷ್ಟೇ ಬರೆಸಿದೆ. ಬರೆಯಲು ಬಂದ ಪೇಂಟರ್ ಏಣಿಯ ಮೇಲಿಂದ ತಿರುಗಿ ನೋಡಿ, "ಓದ್ ಸಲ ಅಷ್ಟುದ್ದ ಇತ್ತು, ಈ ಸಲ ಮೂರೇ ಮಾತ್ಗೆ ಬಂತಲ್ಲಕ್ಕ. ಮುಂದಿನ್ ಸಲ ಬರೀ ಬಿಳೀ ಬಣ್ಣ ಬಳ್ದುಬುಡನಾ?" ಎಂದ. ಮೂರಲ್ಲ, ನಾಲ್ಕು ಪದ ಎಂದು ನಾನು ತಿದ್ದಿದೆ. ಅಂದು ನಾನು ಕೊಟ್ಟ ಏಕೈಕ ಸಲಹೆ ಅದು.

ಮೂಲೆಯೇನೋ ಸಿಕ್ಕಿತು, ಆದರೆ ಅದಕ್ಕೊಂದು ತೊಡಕಿತ್ತು. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಇರುವ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗಾಡದೆ ಕೂತು ಪೊರೆ ಕಳಚುತ್ತದೆ. ಅದನ್ನು ನಮ್ಮವರು ಜ್ವರ ಎನ್ನುತ್ತಾರೆ. ಜ್ವರದ ಮನೆಗೆ ಸಿಕ್ಕಸಿಕ್ಕವರು ಬರಬಾರದು, ಕಣ್ಣು ಬೀಳುತ್ತದೆ ಎಂದು ಅವರ ವಾದ. ಹೊರಗಿನವರ ಕಾಲಿನಲ್ಲಿ ರೋಗ ಬರುತ್ತದೆ ಎಂದು ವಿಶ್ವವಿದ್ಯಾಲಯದ ವಾದ. ಬಾಗಿಲು ಮುಚ್ಚುವ ವಿಷಯದಲ್ಲಿ ಇಬ್ಬರದೂ ಒಂದೇ ಮಾತು. ಆದರೆ ಹುಳು ನೋಡದೆ ಹುಳುವಿನ ಬಗ್ಗೆ ಏನು ಹೇಳುವುದು? ಔಷಧಿ ಮಾರುವವರು ಈ ತೊಡಕನ್ನು ಸರಳವಾಗಿ ಬಿಡಿಸಿಕೊಂಡಿದ್ದರು. "ನಾವು ನಿಮ್ಮವರೇ ಅಲ್ವಾ" ಎನ್ನುತ್ತ ನುಗ್ಗಿಬಿಡುತ್ತಿದ್ದರು.

ನನ್ನನ್ನು ಮೊದಲು ಕರೆದವರು ಯಳಂದೂರು ತಾಲ್ಲೂಕಿನ ಮಾಂಬಳ್ಳಿಯ ಗುರುಮಲ್ಲಮ್ಮ. ಐವತ್ತು ದಾಟಿದ, ಎತ್ತರದ, ಗಟ್ಟಿ ದನಿಯ ಹೆಂಗಸು. ಅಮ್ಮನ ಹಳೆಯ ಸಹೋದ್ಯೋಗಿಯೊಬ್ಬರು ನನ್ನ ನಂಬರು ಕೊಟ್ಟಿದ್ದರಂತೆ. ನಾನು ಹೋದಾಗ ಅವರು ಹುಳು ಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದರು.

"ನೀನೇನವ್ವ ಉಳದ ಡಾಕ್ಟ್ರು? ಇನ್ನೂ ಇಸ್ಕೂಲ್ ಉಡ್ಗಿ ಇದ್ದಂಗಿದ್ದೀಯೆ!"

ನಾನು ಜಗಲಿಯ ಕೆಳಗೆ ನಿಂತುಕೊಂಡೆ.

"ಮೂರ್ನೇ ಜ್ವರ ಎದ್ದವೆ. ಒಳಕ್ಕೆ ಬರ್ತೀನಿ ಅಂತೀಯೇನೋ?" ಎಂದು ಜಗಳಕ್ಕೆ ಸಿದ್ಧರಾದವರಂತೆ ಸೊಂಟಕ್ಕೆ ಕೈಯಿಟ್ಟರು.

"ಇಲ್ಲ," ಎಂದೆ. ಬರುತ್ತೇನೆ ಎನ್ನಲು ನನಗೆ ಧೈರ್ಯವಿರಲಿಲ್ಲ, ಅಷ್ಟೆ.

ಅವರ ಕೈ ಸೊಂಟದಿಂದ ತಾನಾಗಿಯೇ ಇಳಿಯಿತು. ಸುಮ್ಮನೆ ನಿಲ್ಲುವುದು ಮುಜುಗರವೆನಿಸಿ, ಹುಳುವಿನ ಹಾಸಿಗೆಯಿಂದ ತೆಗೆದು ಹಾಕಿದ ಕಸ ಎಲ್ಲಿದೆ ಎಂದು ಕೇಳಿದೆ. ಹಿತ್ತಿಲಿನ ಗುಂಡಿ ತೋರಿಸಿದರು. ಚೆನ್ನಾಗಿರುವ ಹುಳುವಿನ ಹಿಕ್ಕೆ ಒಣಗಿ, ಆರು ಮೂಲೆಯ ಕಾಳಿನಂತೆ ಬಿಡಿಬಿಡಿಯಾಗಿರುತ್ತದೆ. ಇಲ್ಲಿಯದು ಮೆತ್ತಗೆ ಅಂಟಿಕೊಂಡಿತ್ತು. ತಿನ್ನದೆ ಬಿಟ್ಟ ಸೊಪ್ಪು ಒದ್ದೆಯಾಗಿ ಕಪ್ಪಾಗಿತ್ತು. ಆಮೇಲೆ ಕಿಟಕಿಯ ಕೆಳಗೆ ನಿಂತು ಕೇಳಿಸಿಕೊಂಡೆ. ಹಸಿದ ಹುಳುಗಳು ಸೊಪ್ಪು ತಿನ್ನುವಾಗ ಸೋನೆ ಮಳೆ ಹಿಡಿದಂಥ ಸದ್ದು ಬರುತ್ತದೆ. ಅಲ್ಲಿ ಮಳೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ಬೆಳಗಿನ ಇಬ್ಬನಿಯ ಸೊಪ್ಪನ್ನು ಆರಿಸದೆ ಹಾಕುತ್ತಿದ್ದೀರಿ, ಹಾಸಿಗೆ ದಪ್ಪವಾಗಿದೆ, ಮೇಲಿನ ಕಿಟಕಿ ತೆಗೆಯಿರಿ, ಸುಣ್ಣ ಉದುರಿಸಿ ಎಂದು ನಾಲ್ಕು ವಾಕ್ಯ ಹೇಳಿದೆ. ಒಂದು ಲೋಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದೆ.

ಆ ಸಲ ಗುರುಮಲ್ಲಮ್ಮನ ಗೂಡು ಚೆನ್ನಾಗಿ ಬಂತು. ಔಷಧಿಯವನು ಹೊಕ್ಕು ಬಂದಿದ್ದ ಅದೇ ಬೀದಿಯ ಎರಡು ಮನೆಗಳಲ್ಲಿ ಸಪ್ಪೆ ರೋಗ ಬಂದು ಹುಳು ಸತ್ತವು. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ವಿಜ್ಞಾನದ ವಿದ್ಯಾರ್ಥಿನಿಯಾಗಿ ನಾನು ಹೇಳಲಾರೆ. ಗುರುಮಲ್ಲಮ್ಮ ಮಾತ್ರ ಹೇಳಿದರು, ಬೀದಿಗೆಲ್ಲ ಕೇಳುವ ಹಾಗೆ. "ಆಯಮ್ಮ ವಸ್ಲು ದಾಟಾಕಿಲ್ಲ ಕಣ್ರವ್ವ. ನಾನು ಬಾ ಅಂದ್ರೂ ಬರ್ನಿಲ್ಲ. ಒರ್ಗಡೆ ನಿಂತ್ಕಂಡು ಕಸ ನೋಡಿ ಕತೆ ಏಳ್ಬುಡ್ತಾಳೆ!" ಅವರು ಬಾ ಎಂದಿರಲಿಲ್ಲ. ನಾನು ಆ ತಪ್ಪನ್ನು ತಿದ್ದಲಿಲ್ಲ. ಮುಂದಿನ ಬೆಳೆಗೆ, ದೀಪಾವಳಿಗೆ ಒಂಬತ್ತು ದಿನವಿರುವಾಗ, ಅವರು ಎರಡನೇ ಸಲ ಫೋನ್ ಮಾಡಿದರು. ಸುದ್ದಿ ಕೇಳಿದ ಅಮ್ಮ ಅರ್ಜಿಯನ್ನು ಮೇಜಿನಿಂದ ತೆಗೆದು ಬೀರುವಿನಲ್ಲಿಟ್ಟಳು. ಹರಿಯಲಿಲ್ಲ. ಅವಳು ಏನನ್ನೂ ಹರಿಯುವವಳಲ್ಲ.

ಆ ನಂತರ ನನ್ನ ವ್ಯವಹಾರ ಬೆಳೆದದ್ದು ನನ್ನ ಸಂಕೋಚದ ಬಲದಿಂದ. ಮಾಂಬಳ್ಳಿಯಿಂದ ಸುತ್ತಲ ಹಳ್ಳಿಗಳಿಗೆ, ಅಲ್ಲಿಯ ಹೆಣ್ಣುಮಕ್ಕಳ ಗಂಡನ ಮನೆಗಳ ದಾರಿ ಹಿಡಿದು ಹನೂರಿಗೆ, ರಾಮಾಪುರಕ್ಕೆ ಹೆಸರು ಹೋಯಿತು. ಒಳಗೆ ಬಾರದ ಮೇಡಮ್ಮು ಎಂದರೆ ಸಾಕಿತ್ತು. ನಾನೂ ಅದಕ್ಕೊಂದು ಪದ್ಧತಿಯ ರೂಪ ಕೊಟ್ಟೆ. ಬರೆದು ತಂದ ಇಪ್ಪತ್ತು ಪ್ರಶ್ನೆ, ಕಸದ ಗುಂಡಿ, ಕಿಟಕಿಯ ಸದ್ದು, ಕೊನೆಗೆ ಹಾಸಿಗೆಯಿಂದ ಮೊರದಲ್ಲಿ ತಂದು ತೋರಿಸುವ ಒಂದು ಹಿಡಿ ಹುಳು. ಚೀಟಿ ಅಚ್ಚು ಹಾಕಿಸಿ, ಅದರ ಕೆಳಗೆ 'ನಾವು ಹುಳು ಮನೆಯನ್ನು ಪ್ರವೇಶಿಸುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದೆ. ನಾವು ಎಂದರೆ ನಾನೊಬ್ಬಳೇ. ಅದೇ ಚೀಟಿಯಲ್ಲಿ ರೋಗ ಬಂದ ಮನೆಗೆ ಹೋಗಿ ಬಂದವರು ಹದಿನೈದು ದಿನ ಬೇರೆ ಹುಳು ಮನೆಯ ಹತ್ತಿರ ಸುಳಿಯಬಾರದು, ಅಲ್ಲಿ ಕೂತ ಚಾಪೆಯನ್ನೂ ಮುಟ್ಟಬಾರದು ಎಂಬ ಉಪದೇಶವೂ ಇತ್ತು. ನನ್ನ ಕೋಣೆಗೆ ಬಂದ ರೈತರು ಮಾತ್ರ ಆ ದಪ್ಪ ಅಕ್ಷರವನ್ನು ನನ್ನ ಮನೆತನದ ಆಚಾರವೆಂದು ತಿಳಿದು, ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಲ್ಲುತ್ತಿದ್ದರು. ಒಳಗೆ ಬನ್ನಿ ಎನ್ನುವುದನ್ನು ನಾನು ಪ್ರತಿ ಸಲ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಕುರ್ಚಿಗಳ ಪ್ಲಾಸ್ಟಿಕ್ ಹಾಗೆಯೇ ಇತ್ತು.

ಹೂಗ್ಯಂನಿಂದ ಫೋನ್ ಬಂದದ್ದು ಆಗ. ರಾಮಾಪುರದ ಆಚೆ, ಕಾಡಿನ ಅಂಚಿನ ಊರು. ಮಾಡಿದವಳು ಸೆಲ್ವಿ ಎಂಬ ನನ್ನ ವಯಸ್ಸಿನ ಹೆಂಗಸು. ತಮಿಳು ಮನೆಮಾತು, ಕನ್ನಡ ನೀರಿನಂತೆ. ಹುಳು ನಾಲ್ಕನೇ ಜ್ವರ ಎದ್ದು ಗೂಡು ಕಟ್ಟುವ ಹಂತಕ್ಕೆ ಬರುತ್ತಿವೆ, ಆದರೆ ಏನೋ ಸರಿಯಿಲ್ಲ, ಇದು ತಾನೇ ಮುಂದೆ ನಿಂತು ಮಾಡಿಸಿದ ಮೊದಲ ಬೆಳೆ, ಕೆಟ್ಟರೆ ಅತ್ತೆ ಹಿಪ್ಪುನೇರಳೆ ಕಿತ್ತು ಅರಿಸಿನ ಹಾಕಿಸಿಬಿಡುತ್ತಾರೆ ಎಂದಳು. ನಾನು ಹೋದೆ. ಅಂಗಳದಲ್ಲಿ ನನ್ನ ಪದ್ಧತಿ ನೋಡಲೆಂದೇ ಐದಾರು ಜನ ಸೇರಿದ್ದರು. ಪ್ರಶ್ನೆ ಕೇಳಿದೆ, ಕಸ ನೋಡಿದೆ, ಕಿಟಕಿಗೆ ಕಿವಿ ಕೊಟ್ಟೆ. ಮಳೆ ಅಲ್ಲಲ್ಲಿ ಸುರಿಯುತ್ತಿತ್ತು, ಅಲ್ಲಲ್ಲಿ ನಿಂತಿತ್ತು. ಅತ್ತೆ ಒಳಗಿನಿಂದ ಮೊರದಲ್ಲಿ ಹುಳು ತಂದರು. ಬೆಳ್ಳಗೆ, ಗಟ್ಟಿಯಾಗಿ, ಒಂದಕ್ಕಿಂತ ಒಂದು ಚೆಂದ. "ಚೆನ್ನಾಗಿಯೇ ಇವೆಯಲ್ಲ," ಎಂದೆ. ಸೇರಿದವರು ತಲೆಯಾಡಿಸಿದರು. ಸೆಲ್ವಿ ಮಾತ್ರ ಆಡಿಸಲಿಲ್ಲ.

"ಅದು ಚೆಂದಾಗಿರೋ ತಟ್ಟೇದು ಮೇಡಂ," ಎಂದಳು ಮೆಲ್ಲಗೆ. "ನೆಂಟ್ರು ಬಂದ್ರೆ ಒಡ್ದೋಗಿರೋ ಲೋಟ ಕೊಡ್ತೀವಾ? ನಮ್ಮತ್ತೆ ಆರ್ಸ್ಕಂಡು ತಂದವ್ರೆ."

ಅತ್ತೆ ನಾಚಿಕೆಯಿಂದ ಸೆರಗು ಸರಿಮಾಡಿಕೊಂಡರು. ನಾನು ಮೊರವನ್ನೇ ನೋಡುತ್ತ ನಿಂತೆ. ಇಷ್ಟು ತಿಂಗಳು, ಇಷ್ಟು ಜಗಲಿಗಳಲ್ಲಿ, ಎಲ್ಲರೂ ನನಗೆ ತಮ್ಮ ಮನೆಯ ಒಳ್ಳೆಯ ಹುಳುಗಳನ್ನೇ ತೋರಿಸಿದ್ದರು. ಬಂದವರ ಎದುರಿಗೆ ಕೆಟ್ಟದ್ದನ್ನು ಯಾರಾದರೂ ಇಡುತ್ತಾರೆಯೇ? ನನ್ನ ಪದ್ಧತಿಯಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು, ಈ ಒಂದು ಇರಲಿಲ್ಲ.

ಸೆಲ್ವಿ ಬಾಗಿಲು ಪೂರ್ತಿ ತೆರೆದಳು. "ವಾಂಗಮ್ಮಾ. ಉಳ್ಳೆ ವಾಂಗ," ಎಂದು ತನ್ನ ತಮಿಳಿನಲ್ಲಿ ಒಳಗೆ ಕರೆದಳು.

"ಅವ್ರು ಬರಾಕಿಲ್ಲ ಕಣಮ್ಮಿ, ಒಳಕ್ಕೆ ಬರ್ದೆ ಇರೋ ಮೇಡಮ್ಮು ಅವ್ರು," ಎಂದು ಗುಂಪಿನಲ್ಲಿ ಒಬ್ಬರು ಹೆಮ್ಮೆಯಿಂದ ತಿಳಿಹೇಳಿದರು.

ಆ ಬಾಗಿಲು ಎಷ್ಟು ಸಣ್ಣದಿತ್ತೆಂದರೆ ತಲೆ ಬಗ್ಗಿಸದೆ ಹೋಗುವಂತಿರಲಿಲ್ಲ. ನನಗೆ ಗುರುಮಲ್ಲಮ್ಮ ನೆನಪಾದರು, ದಪ್ಪ ಅಕ್ಷರ ನೆನಪಾಯಿತು, ಬೀರುವಿನಲ್ಲಿದ್ದ ಅರ್ಜಿ ನೆನಪಾಯಿತು. ಸೆಲ್ವಿ ಇನ್ನೊಮ್ಮೆ ಕರೆಯಲಿಲ್ಲ. ಕರೆದಿದ್ದರೆ ಏನಾದರೂ ನೆಪ ಹೇಳುತ್ತಿದ್ದೆನೋ ಏನೋ. ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದುಕೊಂಡು, ತಲೆ ಬಗ್ಗಿಸಿ ಒಳಗೆ ಹೋದೆ. ಹಿಂದಿನ ಗೋಡೆಯ ಪಕ್ಕದ ಎರಡು ಅಟ್ಟಣೆಯ ಹುಳುಗಳು ಊದಿಕೊಂಡು, ಹಳದಿಯಾಗಿ, ಮೇವು ಬಿಟ್ಟು ಅಂಚಿನಲ್ಲಿ ಹರಿದಾಡುತ್ತಿದ್ದವು. ಒಂದನ್ನು ಮುಟ್ಟಿದರೆ ಹಾಲಿನಂಥ ನೀರು ಒಸರಿತು. ಹಾಲು ತೊಂಡೆ ರೋಗ. ಸೆಲ್ವಿಯೂ ನಾನೂ ಮಧ್ಯಾಹ್ನವೆಲ್ಲ ಕೂತು ಕೆಟ್ಟ ಹುಳುಗಳನ್ನು ಆರಿಸಿ ಸುಣ್ಣದ ನೀರಿಗೆ ಹಾಕಿದೆವು, ಉಳಿದವಕ್ಕೆ ಸುಣ್ಣ ಉದುರಿಸಿ ದೂರ ದೂರ ಹರಡಿದೆವು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದು ಚಂದ್ರಿಕೆಯ ಬಿದಿರು ತಟ್ಟಿ ಹತ್ತಿ ಗೂಡು ಕಟ್ಟಿದವು. ಹಿಪ್ಪುನೇರಳೆಯೂ ಉಳಿಯಿತು.

ಆದರೆ ನನ್ನ ಹೆಸರು? ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿತ್ತು. ಒಳಗೆ ಬಾರದ ಮೇಡಮ್ಮು ಒಳಗೆ ಹೋದಳಂತೆ, ಅದೂ ರೋಗದ ಮನೆಗೆ. ಆ ದಿನದಿಂದ ಫೋನು ನಿಂತಿತು. ಒಂದು ದಿನ, ಮೂರು ದಿನ, ಹತ್ತು ದಿನ. ಮಾಂಬಳ್ಳಿಯಿಂದ ಕರೆ ಬರಬೇಕಾದ ವಾರ ಬಂದು ಹೋಯಿತು. ಹನ್ನೊಂದನೆಯ ದಿನ ಊಟಕ್ಕೆ ಕೂತಾಗ ಅರ್ಜಿ ಮತ್ತೆ ಮೇಜಿನ ಮೇಲಿತ್ತು, ಪಕ್ಕದಲ್ಲಿ ಪೆನ್ನು. ಅಮ್ಮ ಸಾರು ಬಡಿಸಿದಳು. ನಾನು ಪೆನ್ನನ್ನು ಪಕ್ಕಕ್ಕೆ ಸರಿಸಿ ಅನ್ನ ಕಲಸಿದೆ. ನಮ್ಮ ಮನೆಯಲ್ಲಿ ದೊಡ್ಡ ಜಗಳಗಳು ಹೀಗೆಯೇ ನಡೆಯುವುದು.

ಮಾರನೆಯ ದಿನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ ಕೇಳಿಸಿತು. ಗುರುಮಲ್ಲಮ್ಮ. ಏದುಸಿರು ಬಿಡುತ್ತ ಬಂದು ಹೊಸ್ತಿಲ ಹೊರಗೆ ನಿಂತರು. ನಾನು ಎದ್ದು ನಿಂತೆ. ಮನಸ್ಸಿನಲ್ಲಿ ಅಷ್ಟು ಸಲ ಹೇಳಿಕೊಂಡ ಮಾತು ಕೊನೆಗೂ ಬಾಯಿಂದ ಹೊರಬಂತು. "ಒಳಗೆ ಬನ್ನಿ."

"ಬರಾಕಿಲ್ಲ."

"ನಿಮಗೆ ಬೇಜಾರಾಗೋದು ನ್ಯಾಯವೇ," ಎಂದೆ. "ಅಲ್ಲಿ ಒಳಗೆ ಹೋಗಿದ್ದು..."

"ಅಯ್ಯೋ, ಓಗ್ದೆ ಇನ್ನೇನ್ ಮಾಡೀರಿ? ಉಳ ಸಾಯ್ತಾ ಇರೋವಾಗ ಒರ್ಗಡೆ ನಿಂತ್ಕಂಡು ಕಸ ಕೆದಕ್ತಾರಾ? ನಾನಾಗಿದ್ರೆ ಜುಟ್ಟು ಇಡ್ದು ಒಳಕ್ಕೆ ಎಳ್ಕಂಡೋಗ್ತಿದ್ದೆ."

"ಮತ್ತೆ ಫೋನ್ ಯಾಕೆ ಮಾಡಲಿಲ್ಲ?"

"ಮಾಡುದ್ರೆ ನೀವು ಬಂದ್ಬುಡ್ತಿದ್ರಿ! ರೋಗದ ಮನೇಲಿ ಕೂತು ಎದ್ದು ಬಂದಿದ್ದೀರಿ. ನಮ್ಮನೇಲಿ ಉಳ ಎಲ್ಡ್ನೇ ಜ್ವರಕ್ಕೆ ಕೂತವೆ. ನಿಮ್ಮ ಚೀಟೀಲೇ ಬರ್ದಿಲ್ವಾ? ನಾನೇ ಎಲ್ಲಾರ್ಗೂ ಏಳಿವ್ನಿ, ಹದಿನೈದು ದಿನ ಯಾರೂ ಆಯಮ್ಮನ್ನ ಕರೀಬೇಡಿ ಅಂತ."

ಹನ್ನೊಂದು ದಿನದ ಮೌನದ ಅರ್ಥ ನನಗೆ ಆಗ ಆಯಿತು. ಎರಡು ತಾಲ್ಲೂಕುಗಳ ರೈತರು ಸೇರಿ, ನನ್ನದೇ ಸಲಹೆಯನ್ನು ಒಂದಕ್ಷರ ಬಿಡದೆ ನನ್ನ ಮೇಲೆ ಪಾಲಿಸುತ್ತಿದ್ದರು.

"ಆ ದಿನದ ಬಟ್ಟೆ ಕುದಿಸಿ ಒಗೆದಿದ್ದೇನೆ. ಒಳಗೆ ಬಂದು ಕೂತುಕೊಳ್ಳಿ," ಎಂದೆ.

ಅವರು ಕೋಣೆಯೊಳಗೆ ಇಣುಕಿ ನೋಡಿದರು. "ಕುರ್ಚಿ ಒಗ್ದಿದ್ದೀರಾ?"

ಒಗೆದಿರಲಿಲ್ಲ. ಹೂಗ್ಯಂನಿಂದ ಬಂದು ಚೀಲವನ್ನು ಅದರ ಮೇಲೆಯೇ ಇಟ್ಟಿದ್ದೆ. ಆದರೆ ಕುರ್ಚಿಗೆ ಪ್ಲಾಸ್ಟಿಕ್ ಇತ್ತು. ಬಾಗಿಲವರೆಗೆ ತಂದು, ಇಷ್ಟು ದಿನ ಕಾದಿಟ್ಟ ಕವರನ್ನು ಅವರ ಕಣ್ಣೆದುರಿಗೇ ಒಳಮೈ ಹೊರಗಾಗುವಂತೆ ಮಗುಚಿ ಸುಲಿದು, ಕಾಲಿನಿಂದ ಕುರ್ಚಿಯನ್ನು ಹೊಸ್ತಿಲಾಚೆ ತಳ್ಳಿದೆ. ಗುರುಮಲ್ಲಮ್ಮ ನನ್ನ ಕೆಲಸವನ್ನು ಕೊನೆಯವರೆಗೆ ಪರಿಶೀಲಿಸಿ, ತೃಪ್ತರಾಗಿ, ಹೊರಗೆ ಕೂತರು. ಅವರು ಆಚೆ, ನಾನು ಈಚೆ, ಒಂದು ಗಂಟೆ ಮಾತಾಡಿದೆವು. ಹೊರಡುವಾಗ, "ಅಮಾಸೆ ಕಳ್ಕಂಡು ಬನ್ನಿ. ಜಗ್ಲಿ ಮೇಲೆ ನಿಂತ್ಕಳಿ. ಈ ಸಲ ಕೆಟ್ಟವ್ನೇ ಮೊರಕ್ಕಾಕಿ ತೋರುಸ್ತೀನಿ," ಎಂದರು.

ಸಂಜೆ ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮ ಕನ್ನಡಕ ತೆಗೆದಳು. "ಅವರು ನಿನ್ನ ಕೋಣೆಯೊಳಗೆ ಬರಲ್ಲ. ನೀನು ಅವರ ಮನೆಯೊಳಗೆ ಹೋಗಲ್ಲ. ಆದರೂ ಮೂರನೇ ಸಲ ಕರೆದರು?"

"ಹೌದು."

ಅವಳು ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಹಳೆಯ ಪತ್ರಿಕೆಗಳ ಕಟ್ಟಿನಲ್ಲಿ ಸೇರಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ ಬಂದು, "ಸರಿ ಹಾಗಾದರೆ. ಮೊಸರು ಖಾಲಿಯಾಗಿದೆ, ಪಕ್ಕದ ಮನೆಯಿಂದ ಸ್ವಲ್ಪ ಹೆಪ್ಪು ತಾ," ಎಂದು ಬಟ್ಟಲು ಕೊಟ್ಟಳು.

ಹೂಗ್ಯಂನ ಬಾಗಿಲನ್ನು ದಾಟಿದವಳಿಗೆ ಇದೇನು ಮಹಾ ಎಂದುಕೊಂಡು ಹೋದೆ. ಗೇಟಿನ ಬಳಿ ನಿಂತೆ. ಒಳಗೆ ಅವರು ಟಿ.ವಿ. ನೋಡುತ್ತಿದ್ದರು, ಬಾಗಿಲು ತೆರೆದೇ ಇತ್ತು. ಆ ಮನೆಯಲ್ಲಿ ಹುಳು ಇರಲಿಲ್ಲ, ಹಾಗಾಗಿ ಒಳಗೆ ಹೋಗದಿರಲು ನನ್ನ ಹತ್ತಿರ ಯಾವ ಶಾಸ್ತ್ರೀಯ ಕಾರಣವೂ ಇರಲಿಲ್ಲ. ಧಾರಾವಾಹಿ ಮುಗಿಯಿತು. ಇನ್ನೊಂದು ಶುರುವಾಯಿತು. ಯಾರೂ ನೋಡಲಿಲ್ಲ. ಖಾಲಿ ಬಟ್ಟಲಿನೊಂದಿಗೆ ಮನೆಗೆ ಬಂದೆ.